ಎರಡು ಮಂಡಲಗಳ ನಡುವಿನ ಹಳ್ಳ

ಹೋದ ತಿಂಗಳು ನಮ್ಮ ಚಳ್ಳಕೆರೆಯ ಮನೆಯ ಅಟ್ಟ ಗುಡಿಸುವ ಕೆಲಸ ಹಚ್ಚಿಕೊಂಡಿದ್ದೆವು. ಅಟ್ಟ ಹತ್ತಿದ್ದು ಸೊಸೆ. ನಾನು ಏಣಿ ಹಿಡಿದುಕೊಂಡು ಕೆಳಗಿನಿಂದ ಸಲಹೆ ಕೊಡುತ್ತಿದ್ದೆ. ವಯಸ್ಸಾದ ಮೇಲೆ ಮನುಷ್ಯರಿಗೆ ಸಿಗುವ ಕೆಲಸಗಳಲ್ಲಿ ಇದು ಅತ್ಯುತ್ತಮವಾದದ್ದು. ಮೈಗೆ ನೋವಿಲ್ಲ, ಬಾಯಿಗೆ ಬಿಡುವಿಲ್ಲ. ಹೀಗಿರುವಾಗ ಸೊಸೆ ಒಂದು ಸ್ಟೀಲಿನ ಡಬರಿಯನ್ನು ಕೆಳಗೆ ಚಾಚಿದಳು. ಮುಚ್ಚಳ ತೆಗೆದೆ. ಹುಣಸೆಹಣ್ಣಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಆ ಡಬರಿಯಲ್ಲಿ ಹುಣಸೆಹಣ್ಣು ತುಂಬಿಡುತ್ತಿದ್ದವಳು ನನ್ನ ಅವ್ವ. ಅವಳು ಹೋಗಿ ಎಷ್ಟೋ ವರ್ಷವಾಯಿತು, ಅವಳ ಪಾತ್ರೆಪಡಗಗಳ ಜೊತೆ ಅದೂ ನನ್ನ ಮನೆಯ ಅಟ್ಟ ಸೇರಿತ್ತು. ವಾಸನೆ ಮಾತ್ರ ಹೋಗಿರಲಿಲ್ಲ.

"ಇದೇನತ್ತೆ, ಕಂಠದ ಮೇಲೆ ತೆಲುಗಲ್ಲಿ ಏನೋ ಕೊರೆದಿದ್ದಾರೆ?" ಎಂದಳು ಸೊಸೆ. ಅವಳು ದಾವಣಗೆರೆಯ ಹುಡುಗಿ. ಕನ್ನಡದ ಅಕ್ಷರಕ್ಕೂ ತೆಲುಗಿನ ಅಕ್ಷರಕ್ಕೂ ತಲೆಕಟ್ಟಿನಲ್ಲಷ್ಟೇ ಜಗಳ ಎಂದು ನಾನು ಹೇಳಿಕೊಟ್ಟ ಮೇಲೆ ತಡವರಿಸುತ್ತಾ ಓದಿದಳು: "ಮಂಡಲ ಪ್ರೆಸಿಡೆಂಟ್ ರುದ್ರಣ್ಣಗಾರಿಕಿ." ಗಾರಿಕಿ ಎಂದರೆ ಅವರಿಗೆ ಎಂದೆ. ಆಮೇಲೆ ಅವಳು ಕಣ್ಣರಳಿಸಿ, "ನಮ್ಮ ಮನೇಲಿ ಪ್ರೆಸಿಡೆಂಟ್ ಯಾರಿದ್ರು?" ಎಂದಳು.

ನಾನು ನಕ್ಕ ರಭಸಕ್ಕೆ ಏಣಿ ಅಲ್ಲಾಡಿತು. ನಮ್ಮ ವಂಶದಲ್ಲಿ ಆ ಪ್ರೆಸಿಡೆಂಟರ ಕತೆಯನ್ನು ನನ್ನಷ್ಟು ಸಲ ಯಾರೂ ಹೇಳಿಲ್ಲ. ಯಾರದೇ ಮದುವೆ, ಸೀಮಂತ, ತಿಥಿ ಇರಲಿ, ಊಟವಾದ ಮೇಲೆ ಎಲೆಅಡಿಕೆಯ ತಟ್ಟೆ ಬಂದಿತೆಂದರೆ ಯಾರಾದರೊಬ್ಬರು "ಆ ಮಂಡಲದ ಕತೆ ಹೇಳು" ಎನ್ನುತ್ತಾರೆ, ನಾನು ಸೆರಗು ಸರಿಮಾಡಿಕೊಂಡು ಶುರುಮಾಡುತ್ತೇನೆ. ಅವತ್ತು ಸೊಸೆಗೂ ಹಾಗೆಯೇ ಹೇಳಿದೆ, ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಅದಾದ ಮೇಲೆ ಒಮ್ಮೆ ಬಂಡೆಹಟ್ಟಿಗೆ ಹೋಗಿ ಬಂದೆ ನೋಡಿ, ಈಗ ನಿಮಗೆ ಅದೇ ಕತೆಯನ್ನು ಹಾಗೆಯೇ ಹೇಳಲು ನಾಲಗೆ ಏಳುವುದಿಲ್ಲ.

ಮೊದಲು ಒಂದಿಷ್ಟು ಭೂಗೋಳ ಹೇಳಬೇಕು, ಬೇಸರಪಡಬೇಡಿ. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಸಮಾಜ ಪಾಠ ಮಾಡಿದವಳು ನಾನು; ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಮೆಟ್ಟಿಲು ಹತ್ತದೆ ನನಗೆ ಯಾವ ಮಾತೂ ಬರುವುದಿಲ್ಲ. ಆ ಮೆಟ್ಟಿಲುಗಳಾದರೂ ನೆಟ್ಟಗಿವೆಯೇ? ನಮ್ಮ ಚಳ್ಳಕೆರೆ ತಾಲ್ಲೂಕಿನಲ್ಲಿ ತಳಕು ಎಂಬ ಊರಿದೆ, ಅದೇ ಹೆಸರಿನ ಹೋಬಳಿಯೂ ಇದೆ. ಒಮ್ಮೆ ದೂರದ ಸೀಮೆಯಿಂದ ವರ್ಗವಾಗಿ ಬಂದ ಇನ್ಸ್‌ಪೆಕ್ಟರು ತರಗತಿಗೆ ಬಂದು ಒಬ್ಬ ಹುಡುಗಿಯನ್ನು ಎಬ್ಬಿಸಿ, "ನಿನ್ನ ಊರು ಯಾವುದಮ್ಮ?" ಎಂದರು. "ತಳಕು ಸಾ." "ತಾಲ್ಲೂಕು ಆಮೇಲೆ ಹೇಳು, ಮೊದಲು ಊರು ಹೇಳು." "ಊರೇ ತಳಕು ಸಾ." "ಹೋಗಲಿ, ಹೋಬಳಿ?" "ತಳಕು ಸಾ." "ತಾಲ್ಲೂಕು?" "ಚಳ್ಳಕೆರೆ ಸಾ." ಇನ್ಸ್‌ಪೆಕ್ಟರು ನನ್ನ ಕಡೆ ಕನಿಕರದಿಂದ ನೋಡಿ, ಮಕ್ಕಳಿಗೆ ಆಡಳಿತ ವಿಭಾಗಗಳನ್ನು ಇನ್ನೊಮ್ಮೆ ಮನದಟ್ಟು ಮಾಡಿಸಿ ಎಂದು ಹೇಳಿ ಹೋದರು. ಅವರಿಗೆ ವಿವರಿಸುವ ಧೈರ್ಯ ನನಗೆ ಬರಲಿಲ್ಲ.

ಬಂಡೆಹಟ್ಟಿ ಇರುವುದು ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ನನ್ನ ಅಪ್ಪ ಹುಟ್ಟಿದ ಊರು. ಅಪ್ಪ ಕಡಲೆಕಾಯಿ ವ್ಯಾಪಾರಕ್ಕೆಂದು ಚಳ್ಳಕೆರೆಗೆ ಬಂದು ನಿಂತರು. ಅವರ ಅಣ್ಣ ರುದ್ರಣ್ಣ ದೊಡ್ಡಪ್ಪ ಊರಲ್ಲೇ ಹೊಲ ನೋಡಿಕೊಂಡಿದ್ದರು. ಊರ ಮುಂದೆ ಹೊಲ, ಹೊಲದಾಚೆ ಒಂದು ಹಳ್ಳ, ಹಳ್ಳದಾಚೆ ಆಂಧ್ರ. ಈಚೆ ದಡದ ದನ ಆಚೆ ದಡದಲ್ಲಿ ಮೇಯುತ್ತದೆ, ಆಚೆ ದಡದವರ ಬೈಗುಳ ಈಚೆ ದಡದವರಿಗೆ ಸಲೀಸಾಗಿ ಅರ್ಥವಾಗುತ್ತದೆ. ಗಡಿ ಎನ್ನುವುದು ನಕ್ಷೆಯಲ್ಲಿ ಮಾತ್ರ ಕಾಣುತ್ತಿತ್ತು, ನಕ್ಷೆ ಇದ್ದದ್ದು ನನ್ನ ಶಾಲೆಯ ಗೋಡೆಯ ಮೇಲೆ.

ಇನ್ನು ಮಂಡಲದ ವಿಷಯ. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕಾರು ಹಳ್ಳಿಗಳನ್ನು ಒಟ್ಟುಮಾಡಿ ಅದಕ್ಕೆ ಮಂಡಲ ಪಂಚಾಯಿತಿ ಎಂದು ಹೆಸರಿಟ್ಟರು. ಅದರ ಮುಖ್ಯಸ್ಥನಿಗೆ ಪ್ರಧಾನ ಎನ್ನುತ್ತಿದ್ದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಹಳ್ಳದಾಚೆಯವರು ತಮ್ಮ ತಾಲ್ಲೂಕುಗಳನ್ನೇ ಒಡೆದು ಅವಕ್ಕೂ ಮಂಡಲ ಎಂದು ಕರೆದರು. ಹೆಸರು ಒಂದೇ, ಅಳತೆ ಬೇರೆ. ಅವರ ಮಂಡಲಕ್ಕೆ ಒಂದು ಪೇಟೆ, ಪೊಲೀಸ್ ಠಾಣೆ, ದೊಡ್ಡ ಆಫೀಸು, ಆಫೀಸಿನ ಮುಂದೆ ಜೀಪು. ನಮ್ಮ ದೊಡ್ಡಪ್ಪನ ಮಂಡಲಕ್ಕೆ ಆರು ಹಳ್ಳಿ, ಒಬ್ಬ ಕಾರ್ಯದರ್ಶಿ, ಒಂದು ಬೀರು, ಮಧ್ಯಾಹ್ನದ ಹೊತ್ತು ಆಡುಗಳು ಮಲಗುವ ಒಂದು ಹೆಂಚಿನ ಕೋಣೆ. ದೆಹಲಿಯಲ್ಲೊಬ್ಬ ಪ್ರಧಾನಿ, ಬಂಡೆಹಟ್ಟಿಯಲ್ಲೊಬ್ಬ ಪ್ರಧಾನ ಎಂದು ನನ್ನ ಅಪ್ಪ ಅಣ್ಣನನ್ನು ಛೇಡಿಸುತ್ತಿದ್ದರು.

ದೊಡ್ಡಪ್ಪ ಅದನ್ನು ಗೇಲಿ ಎಂದು ತಿಳಿಯುತ್ತಿರಲಿಲ್ಲ. ಎತ್ತರದ ಆಳು, ಬಿಳಿ ಪಂಚೆ, ಭುಜದ ಮೇಲೆ ಮಡಿಕೆ ಮುರಿಯದ ಟವೆಲು. ಬೆಳಿಗ್ಗೆ ಎದ್ದು ಆರು ಹಳ್ಳಿಗಳ ಪೈಕಿ ಎರಡನ್ನಾದರೂ ಸುತ್ತಿ, ಎಲ್ಲಿ ಬೀದಿದೀಪ ಸುಟ್ಟಿದೆ, ಯಾವ ಕೊಳವೆಬಾವಿಯ ಹಿಡಿ ಸಡಿಲವಾಗಿದೆ ಎಂದು ನೋಡಿ ಬಂದ ಮೇಲೆಯೇ ಅವರಿಗೆ ರೊಟ್ಟಿ ರುಚಿಸುತ್ತಿದ್ದದ್ದು. ಪ್ರಧಾನಗಿರಿ ಅವರಿಗೆ ಒಪ್ಪುತ್ತಿತ್ತು ಎಂಬುದನ್ನು ಅವರ ವಿರೋಧಿಗಳೂ ಒಪ್ಪುತ್ತಿದ್ದರು.

ತೊಂಬತ್ತರ ದಶಕ ಇನ್ನೂ ಕಣ್ಣು ಬಿಡುತ್ತಿದ್ದ ಕಾಲ. ದೊಡ್ಡಪ್ಪನ ಮಗ ವೀರೇಶಣ್ಣನಿಗೆ ಹೆಣ್ಣು ನೋಡುತ್ತಿದ್ದರು. ಹಳ್ಳದಾಚೆಯ ಚಿಂತಲಪಲ್ಲಿಯಿಂದ ಒಂದು ಸಂಬಂಧ ಬಂತು. ನಮ್ಮ ಪೈಕಿಯ ಮನೆತನವೇ, ಮನೆಯಲ್ಲಿ ಮಾತ್ರ ತೆಲುಗು. ಚಿಂತ ಎಂದರೆ ತೆಲುಗಿನಲ್ಲಿ ಹುಣಸೆ. ನಮ್ಮ ದೊಡ್ಡವ್ವ ಅದನ್ನು ಕನ್ನಡದ ಚಿಂತೆಯೆಂದು ತಿಳಿದು, "ಊರ ಹೆಸ್ರೇ ಹಿಂಗೈತೆ, ಅಲ್ಲಿಂದ ಸೊಸೆ ತರಬೇಕಾ?" ಎಂದು ಮೂರು ದಿನ ಮುಖ ಊದಿಸಿಕೊಂಡಿದ್ದಳು. ಕೊನೆಗೂ ಒಂದು ಬಾಡಿಗೆ ವ್ಯಾನಿನಲ್ಲಿ ಹೊರಟೆವು. ಓದಿದವಳೊಬ್ಬಳು ಜೊತೆಗಿರಲಿ ಎಂದು ನನ್ನನ್ನೂ ಕೂರಿಸಿಕೊಂಡರು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ, ಓದಿದವಳು ಎಂಬ ಗತ್ತು ಬೇಕಾದಷ್ಟಿತ್ತು.

ಹಳ್ಳ ದಾಟಿದರೆ ಚಿಂತಲಪಲ್ಲಿ ಒಂದು ಮೈಲಿ. ಆದರೆ ವ್ಯಾನು ಹಳ್ಳ ದಾಟುವುದಿಲ್ಲವಲ್ಲ. ಬಂಡೆಹಟ್ಟಿಯಿಂದ ಮೊಳಕಾಲ್ಮೂರಿಗೆ ಹೋಗಿ, ಅಲ್ಲಿಂದ ರಾಯದುರ್ಗಕ್ಕೆ ಹೋಗಿ, ಮತ್ತೆ ಹಿಂದಕ್ಕೆ ತಿರುಗಿ, ಕಲ್ಲು ಮಣ್ಣಿನ ದಾರಿಯಲ್ಲಿ ಕುಲುಕಾಡಿಕೊಂಡು ಸೇರುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಹೆಣ್ಣಿನ ಮನೆಯ ಅಂಗಳದಲ್ಲಿ ಇಳಿದು ಹಿಂದಿರುಗಿ ನೋಡಿದರೆ ನಮ್ಮೂರಿನ ಗುಡ್ಡ ಎದುರಿಗೇ ನಿಂತಿತ್ತು.

ಸಂಬಂಧ ತಂದಿದ್ದವನು ಎರಡೂ ಕಡೆಗೆ ಬೇಕಾದವನೊಬ್ಬ. ಎಲ್ಲರೂ ಕೂತ ಮೇಲೆ ದೊಡ್ಡಪ್ಪನ ಕಡೆ ಕೈ ತೋರಿಸಿ ತೆಲುಗಿನಲ್ಲಿ, "ವೀರು ಮಂಡಲ ಪ್ರೆಸಿಡೆಂಟ್ ಗಾರು", ಇವರು ಮಂಡಲ ಪ್ರೆಸಿಡೆಂಟರು, ಎಂದುಬಿಟ್ಟ. ಪ್ರಧಾನ ಎಂಬುದಕ್ಕೆ ಅವನಿಗೆ ಬೇರೆ ಮಾತು ಸಿಗಲಿಲ್ಲವೋ, ಸಿಕ್ಕರೂ ಬೇಡವೆನಿಸಿತೋ. ಕೋಣೆಯಲ್ಲಿ ಸಂಚಲನವಾಯಿತು. ಹುಡುಗಿಯ ಅಪ್ಪ ಚೆನ್ನಪ್ಪನವರು ಕೂತಿದ್ದವರು ಎದ್ದು ನಿಂತರು. ಕುರ್ಚಿ ಬದಲಾಯಿತು, ಮಜ್ಜಿಗೆ ಹೋಗಿ ಬಾದಾಮಿ ಹಾಲು ಬಂತು. ಬಾಗಿಲಲ್ಲಿ ನಿಂತಿದ್ದ ಯಾರೋ ಇನ್ಯಾರಿಗೋ "ಜೀಪು ಎಲ್ಲಿ ಬಿಟ್ಟಿದ್ದಾರೆ?" ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ದೊಡ್ಡವ್ವ ಪಾಪದವಳು, "ಅಯ್ಯೋ, ಮಂಡಲ ಅಂದ್ರೆ ನಮ್ದು ಆರೇ ಹಳ್ಳಿ..." ಎಂದು ಬಾಯಿ ತೆರೆದಳು. ದೊಡ್ಡಪ್ಪ ಟವೆಲು ಸರಿಮಾಡಿಕೊಂಡು, "ಒಂದೀಟು ನೀರು ಕೊಡ್ತೀರಾ?" ಎಂದರು. ಮಾತು ನೀರಿನ ಕಡೆಗೆ ಹರಿಯಿತು, ಮಂಡಲ ಹಾಗೇ ಉಳಿಯಿತು.

ಒಳಬಾಗಿಲ ಹತ್ತಿರ ಗೋಡೆಗೊರಗಿ ಕೂತಿದ್ದವರು ಹುಡುಗಿಯ ಅವ್ವ ಈರಮ್ಮ. ಸಣ್ಣ ಆಳು, ಕಣ್ಣು ಮಾತ್ರ ಚುರುಕು. ಕೊಡುವುದು ತರುವುದರ ಬಗ್ಗೆ ಅವರು ತುಟಿ ಬಿಚ್ಚಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದರು: "ಪೊದ್ದುನ ವಚ್ಚಿ ಮಾಪಟೇಲಕು ಪೋಯೇಟಟ್ಲು ದಾರಿ ಉಂಡಾಲಣ್ಣಾ." ಬೆಳಿಗ್ಗೆ ಬಂದು ಸಂಜೆಗೆ ಹೋಗುವ ಹಾಗೆ ದಾರಿ ಇರಬೇಕು, ಅಷ್ಟೇ. ಆಮೇಲೆ ದೊಡ್ಡಪ್ಪನ ಮುಖ ನೋಡಿ ಕನ್ನಡದಲ್ಲೇ ಸೇರಿಸಿದರು: "ಮಂಡಲ ಪ್ರೆಸಿಡೆಂಟರಿಗೆ ಒಂದು ರೋಡು ಹಾಕ್ಸೋದು ಏನು ಮಹಾ?"

ದೊಡ್ಡಪ್ಪ ತಲೆಯಾಡಿಸಿದರು. ನಾನು ಕಣ್ಣಾರೆ ನೋಡಿದೆ. ಆ ತಲೆಯಾಟದಲ್ಲಿ ಹುಡುಗಿಯ ತವರಿನ ದಾರಿಯೂ ನಮ್ಮ ದೊಡ್ಡಪ್ಪನ ಮಾನವೂ ಒಟ್ಟಿಗೆ ಗಂಟು ಬಿದ್ದವು.

ಹಿಂದಿರುಗುವಾಗ ವ್ಯಾನಿನಲ್ಲಿ ದೊಡ್ಡವ್ವ ಸುಮ್ಮನಿರಲಿಲ್ಲ. "ಯಾಕ್ರೀ ಬಾಯಿಗೆ ಬೀಗ ಹಾಕ್ಕಂಡ್ರಿ? ಅವ್ರು ನಿಮ್ಮನ್ನ ಏನೋ ಅನ್ಕಂಡವ್ರೆ."

"ಅನ್ಕಂಡ್ರೆ ನಾನೇನ್ಮಾಡ್ಲಿ? ಮಂಡಲ ಅಂದ್ರು, ಮಂಡಲ ಹೌದು. ಪ್ರೆಸಿಡೆಂಟ್ ಅಂದ್ರು, ಅದೂ ಹೌದು. ಸುಳ್ಳು ಎಲ್ಲೈತೆ?"

"ರೋಡು?"

ದೊಡ್ಡಪ್ಪ ಕಿಟಕಿಯ ಕಡೆ ತಿರುಗಿ ಕೂತರು.

ಮದುವೆ ಚಿಂತಲಪಲ್ಲಿಯಲ್ಲಿ ಜೋರಾಗಿಯೇ ಆಯಿತು. ಹುಡುಗಿಯ ಸೋದರಮಾವ ಹಳ್ಳದ ಈಚೆಯ ಬಿ.ಜಿ. ಕೆರೆಯಿಂದ ಬಂದಿದ್ದರು, ಅಚ್ಚುಕಟ್ಟಾಗಿ ಓಡಾಡಿದರು. ಬೀಗರ ಉಡುಗೊರೆಯ ಪಾತ್ರೆಗಳ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ಹೊಳೆಯುತ್ತಿದ್ದದ್ದು ಆ ಡಬರಿ. ಕಂಠದ ಮೇಲೆ ತೆಲುಗಿನಲ್ಲಿ ಕೊರೆಸಿದ ಅಕ್ಷರ. ಊರಿಗೆ ಬಂದ ಮೇಲೆ ದೊಡ್ಡಪ್ಪ ಅದನ್ನು ಒಂದು ದಿನವೂ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಚಳ್ಳಕೆರೆಗೆ ಬಂದವರು ಚೀಲದಿಂದ ತೆಗೆದು ಅವ್ವನ ಮುಂದಿಟ್ಟು, "ನಮ್ಮನೇಲಿ ಜಾಗ ಇಲ್ಲ ಕಣವ್ವ, ನೀನು ಇಟ್ಕೋ" ಎಂದರು. ಅವ್ವ ನಕ್ಕು ಅದರಲ್ಲಿ ಬೀಗರ ಊರಿನದೇ ಹುಣಸೆಹಣ್ಣು ತುಂಬಿದಳು. ಜಾಗವಿಲ್ಲದ್ದು ಮನೆಯಲ್ಲಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಮದುವೆಯ ಅರಿಶಿನ ಇನ್ನೂ ಆರಿರಲಿಲ್ಲ, ಇತ್ತ ಮಂಡಲಗಳ ಅವಧಿ ಮುಗಿಯಿತು. ಆಮೇಲೆ ಮಂಡಲ ಎಂಬ ಹೆಸರನ್ನೇ ತೆಗೆದು ಗ್ರಾಮ ಪಂಚಾಯಿತಿ ಮಾಡಿದರು. ಆರು ಹಳ್ಳಿಗಳನ್ನು ಬಿಚ್ಚಿ ಬೇರೆ ಬೇರೆ ಗಂಟು ಹಾಕಿದರು. ಬಂಡೆಹಟ್ಟಿಯ ಕೋಣೆ ಪೂರ್ತಿಯಾಗಿ ಆಡುಗಳ ಪಾಲಾಯಿತು. ನಾನು ಶಾಲೆಯಲ್ಲಿ ಹಳೆಯ ಪಾಠ ಹೊಡೆದುಹಾಕಿಸಿ ಹೊಸ ಪಾಠ ಬರೆಸಿದೆ. ಎರಡು ವರ್ಷ ನಾನೇ ಮರೆತು ಮಂಡಲ ಎನ್ನುತ್ತಿದ್ದೆ, ಹುಡುಗಿಯರು ತಿದ್ದುತ್ತಿದ್ದರು. ನನ್ನ ಪಾಠ ತಿದ್ದಿದರೆ ಮುಗಿಯಿತು. ದೊಡ್ಡಪ್ಪನದು ಹಾಗೆ ಮುಗಿಯುವ ಹಾಗಿರಲಿಲ್ಲ.

ಏಕೆಂದರೆ ಮನೆಗೆ ಬಂದ ಸೊಸೆ, ನಮ್ಮ ಶಾರದತ್ತಿಗೆ, ತವರಿಗೆ ಹೋಗಬೇಕೆಂದರೆ ಅದೊಂದು ಯಾತ್ರೆ. ಬೇಸಿಗೆಯಲ್ಲಾದರೆ ಹೊಲದ ಬದು ಹಿಡಿದು, ಒಣಗಿದ ಹಳ್ಳ ಇಳಿದು ಹತ್ತಿ, ಮುಳ್ಳು ಬಿಡಿಸಿಕೊಳ್ಳುತ್ತಾ ನಡೆದು ಹೋಗಬಹುದು. ಮಳೆ ಬಂದರೆ ಹಳ್ಳ ಬಿಡುವುದಿಲ್ಲ. ಆಗ ಬಸ್ಸೇ ಗತಿ. ಮೂರು ಬಸ್ಸು ಬದಲಿಸಿ, ರಾಯದುರ್ಗದಲ್ಲಿ ಕಾದು ಕೂತು, ಕತ್ತಲಾಗುವುದರೊಳಗೆ ತಲುಪಿದರೆ ಪುಣ್ಯ. ಚೊಚ್ಚಲ ಬಾಣಂತನಕ್ಕೆ ಹೊರಟವಳು ಬಸ್ಸಿನ ಕುಲುಕಾಟಕ್ಕೆ ಅರ್ಧ ದಾರಿಯಲ್ಲೇ ಹಣ್ಣಾಗಿ ರಾಯದುರ್ಗದ ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಮಲಗಿಬಿಟ್ಟಳಂತೆ. ಜೊತೆಗಿದ್ದ ದೊಡ್ಡಪ್ಪ ಟವೆಲಿನಿಂದ ಅವಳಿಗೆ ಗಾಳಿ ಬೀಸುತ್ತಾ ಕೂತರಂತೆ. ಇದನ್ನು ಹೇಳುವಾಗ ಆ ಗಟ್ಟಿ ಮನುಷ್ಯನ ಕಣ್ಣಲ್ಲಿ ನೀರಾಡಿದ್ದನ್ನು ನಾನು ನೋಡಿದ್ದೇನೆ.

ಅತ್ತ ಈರಮ್ಮ. ಹಬ್ಬ, ನಾಮಕರಣ, ಯಾವುದಕ್ಕೆ ಸಿಕ್ಕಿದರೂ ಕಾಲು ತೊಳೆಯಲು ನೀರು ಕೊಟ್ಟು, ವಿನಯದಿಂದ ಕೈ ಮುಗಿದು, "ಪ್ರೆಸಿಡೆಂಟ್ ಗಾರು, ನಮ್ಮ ದಾರಿ ಎಲ್ಲಿಗೆ ಬಂತು?" ಎನ್ನುತ್ತಿದ್ದರು. ಒಂದು ಬಿರುಸು ಮಾತಿಲ್ಲ, ಒಂದು ಆಕ್ಷೇಪಣೆಯಿಲ್ಲ. ದೊಡ್ಡಪ್ಪನ ಮುಖ ಹುಳ್ಳಗಾಗುತ್ತಿತ್ತು. ಮಂಡಲವೇ ಇಲ್ಲವಾದ ಮೇಲೂ ಆ ಮನೆಯಲ್ಲಿ ಅವರು ಪ್ರೆಸಿಡೆಂಟರೇ. ನಾವೆಲ್ಲ ಹಿಂದಿನಿಂದ ಕಿಸಿಕಿಸಿ ನಗುತ್ತಿದ್ದೆವು. ಪಾಪ, ಆ ಕಡೆಯ ಜನಕ್ಕೆ ನಮ್ಮ ಕಡೆಯ ಲೆಕ್ಕ ಇನ್ನೂ ತಿಳಿದಿಲ್ಲ ಎಂದು ನಾನು ಎಲ್ಲರಿಗೂ ವಿವರಿಸುತ್ತಿದ್ದೆ.

ದೊಡ್ಡಪ್ಪ ಕಾಲಿಗೆ ಚಕ್ರ ಕಟ್ಟಿಕೊಂಡರು. ಮೊಳಕಾಲ್ಮೂರಿನ ಕಚೇರಿಗಳಿಗೆ ಅಲೆದರು, ಚಿತ್ರದುರ್ಗಕ್ಕೆ ಹೋದರು, ರಾಯದುರ್ಗಕ್ಕೂ ಹೋಗಿ ತಮ್ಮ ಮುರುಕು ತೆಲುಗಿನಲ್ಲಿ ಬೇಡಿದರು. ಈಚೆಯವರು, "ಹಳ್ಳದಾಚೆ ಬೇರೆ ರಾಜ್ಯ ಯಜಮಾನ್ರೇ, ಬೇರೆ ರಾಜ್ಯಕ್ಕೆ ಹೋಗೋ ರೋಡು ನಮ್ಮ ಕೈಲಿಲ್ಲ" ಎಂದರು. ಆಚೆಯವರೂ ಅದನ್ನೇ ತೆಲುಗಿನಲ್ಲಿ ಹೇಳಿದರು. ಸೇತುವೆಯ ಮಾತೆತ್ತಿದರೆ ಹಳ್ಳ ನಮ್ಮದಲ್ಲ, ಅವರದು ಎಂದು ಎರಡೂ ಕಡೆಯವರು ಉದಾರವಾಗಿ ಬಿಟ್ಟುಕೊಡುತ್ತಿದ್ದರು. ಅದೇ ಹಳ್ಳದ ಮರಳು ತುಂಬಲು ಎರಡೂ ಕಡೆಯ ಗಾಡಿಗಳು ಬಂದಾಗ ಮಾತ್ರ ಅದು ಇಬ್ಬರದೂ ಆಗಿರುತ್ತಿತ್ತು.

ಹೀಗೆ ವರ್ಷಗಳು ಉರುಳಿದವು. ಕಡೆಗೆ ಒಬ್ಬ ಇಂಜಿನಿಯರು, ಬಹುಶಃ ದೊಡ್ಡಪ್ಪನ ಮುಖ ನೋಡಿ ಸಾಕಾಗಿರಬೇಕು, ಟೀ ಅಂಗಡಿಗೆ ಕರೆದುಕೊಂಡು ಹೋಗಿ ಹೇಳಿದರಂತೆ: "ಚಿಂತಲಪಲ್ಲಿಗೆ ರೋಡು ಅಂತ ಕೇಳಿದ್ರೆ ಈ ಜನ್ಮದಲ್ಲಿ ಆಗಲ್ಲ. ನಿಮ್ಮ ಊರಿಂದ ನಿಮ್ಮೂರ ರುದ್ರಭೂಮಿಗೆ ರೋಡು ಅಂತ ಕೇಳಿ. ಸತ್ತೋರಿಗೆ ಯಾರೂ ಇಲ್ಲ ಅನ್ನಲ್ಲ."

"ನಮ್ಮ ರುದ್ರಭೂಮಿ ಊರ ಆ ಕಡೆ ಐತಲ್ಲ ಸಾ."

"ಈ ಕಡೆ ಒಂದು ಮಾಡ್ರಿ."

ದೊಡ್ಡಪ್ಪ ಮಾಡಿದರು. ಹಳ್ಳದ ದಂಡೆಗಿದ್ದ ತಮ್ಮ ಹೊಲದಲ್ಲೇ ಒಂದು ತುಂಡನ್ನು, ಅದೂ ಸಜ್ಜೆ ಚೆನ್ನಾಗಿ ಬರುತ್ತಿದ್ದ ತುಂಡನ್ನು, ಊರಿನ ರುದ್ರಭೂಮಿಗೆ ಎಂದು ಬರೆದುಕೊಟ್ಟರು. ಕಾಗದದಲ್ಲಿ ಸುಳ್ಳಿರಬಾರದು ಎಂಬುದು ಅವರ ಹಟ. ಒಮ್ಮೆ ಬಾಯಿ ಮುಚ್ಚಿಕೊಂಡದ್ದು ಸಾಕಾಗಿತ್ತೆಂದು ತೋರುತ್ತದೆ. ಮನೆಯಲ್ಲಿ ದೊಡ್ಡ ರಂಪವಾಯಿತು. ಹೊಲ ಹೋದದ್ದಕ್ಕಲ್ಲ. "ಮುತ್ತೈದೆ ಹೆಣ್ಣುಮಗಳು ತವರಿಗೆ ಹೋಗೋ ದಾರಿಗೆ ರುದ್ರಭೂಮಿ ರೋಡು ಅಂತ ಹೆಸ್ರಿಡ್ತೀರಾ? ನಿಮ್ಮ ತಲೆ ನೆಟ್ಟಗೈತಾ?" ಎಂದು ದೊಡ್ಡವ್ವ ಒಲೆ ಹಚ್ಚದೆ ಕೂತಳು. ಶಾರದತ್ತಿಗೆಯೇ ಮುಂದೆ ಬಂದು ಸಮಾಧಾನ ಮಾಡಿದಳು. "ಹೆಸ್ರು ಏನಾದ್ರೂ ಇರ್ಲಿ ಅತ್ತೆ, ದಾರಿ ಅಲ್ವಾ? ನಾನು ಹೋಗೋದು ನಮ್ಮವ್ವನ ಮನೆಗೇ ತಾನೇ?"

ಅತ್ತ ಚೆನ್ನಪ್ಪನವರು ತಮ್ಮೂರಿನವರನ್ನು ಹಿಡಿದು ಒಂದು ಗುಡಿಯ ಮಾನ್ಯದ ಹೊಲಕ್ಕೆ ರೋಡು ಎಂದು ಮಂಜೂರು ಮಾಡಿಸಿದರು. ಆ ಹೊಲವೂ ಹಳ್ಳದ ದಂಡೆಗೇ ಇತ್ತು. ಸರ್ಕಾರಿ ಕಾಗದದ ಪ್ರಕಾರ ಎರಡು ರಾಜ್ಯಗಳ ಎರಡು ರಸ್ತೆಗಳು ಎದುರುಬದುರಾಗಿ ಬಂದು ಹಳ್ಳದ ದಡದಲ್ಲಿ ಮುಗಿಯುತ್ತಿದ್ದವು. ಒಂದರ ತುದಿಯಲ್ಲಿ ಹೆಣವಿಲ್ಲದ ರುದ್ರಭೂಮಿ, ಇನ್ನೊಂದರ ತುದಿಯಲ್ಲಿ ಪೈರಿಲ್ಲದ ಹೊಲ. ನಡುವಿನ ಹಳ್ಳಕ್ಕೆ ಯಾರೂ ಏನೂ ಕೊಡುವ ಹಾಗಿರಲಿಲ್ಲ. ಅದನ್ನು ಎರಡೂ ಊರಿನವರು ಸೇರಿ ಸಿಮೆಂಟಿನ ಪೈಪು ಮಲಗಿಸಿ, ಕಲ್ಲು ಮಣ್ಣು ತುಂಬಿ ದಾಟುವ ಹಾಗೆ ಮಾಡಿಕೊಂಡರು. ಆ ಕೆಲಸ ನಡೆಯುವಾಗ ದೊಡ್ಡಪ್ಪ ಈಚೆ ದಡದಲ್ಲಿ, ಚೆನ್ನಪ್ಪ ಆಚೆ ದಡದಲ್ಲಿ ನಿಂತು ಮೇಸ್ತ್ರಿಯನ್ನು ಎರಡು ಭಾಷೆಯಲ್ಲಿ ಬೈಯುತ್ತಿದ್ದರು. ಮೊದಲ ಸಲ ವೀರೇಶಣ್ಣನ ಮೊಪೆಡ್ಡಿನ ಹಿಂದೆ ಮಕ್ಕಳನ್ನು ಕೂರಿಸಿಕೊಂಡು ಅತ್ತಿಗೆ ಬೆಳಿಗ್ಗೆ ತವರಿಗೆ ಹೋಗಿ, ಸಂಜೆ ದನ ಬರುವ ಹೊತ್ತಿಗೆ ವಾಪಸ್ಸು ಬಂದ ದಿನ ದೊಡ್ಡಪ್ಪ ಬೇಗ ಉಂಡು ಮಲಗಿದರಂತೆ.

ಎರಡು ಸಾವಿರದ ಇಸವಿಯ ನಂತರ ಅವರು ಬಹಳ ಕಾಲ ಇರಲಿಲ್ಲ. ಸಾಯುವ ಮುಂಚೆ, ತಮ್ಮನ್ನು ಹಳ್ಳದ ದಂಡೆಯ ಆ ತುಂಡಿನಲ್ಲೇ ಇಡಬೇಕೆಂದು ಹೇಳಿದ್ದರು. ಅಲ್ಲಿಯವರೆಗೆ ಅಲ್ಲಿಗೆ ಯಾರೂ ಹೆಣ ಒಯ್ದಿರಲಿಲ್ಲ. ಹೀಗೆ ಆ ಭೂಮಿಯ ಮೊದಲ ಒಕ್ಕಲು ಅವರೇ ಆದರು, ಕಾಗದವೂ ನಿಜವಾಯಿತು. ನನ್ನ ಕತೆ ಯಾವಾಗಲೂ ಇಲ್ಲಿಗೆ ಮುಗಿಯುತ್ತಿತ್ತು. ಒಂದು ಮಾತಿನ ತಪ್ಪು ಅರ್ಥದಿಂದ ಆಚೆ ಕಡೆಯವರು ಮೋಸಹೋಗಿ ಮಗಳು ಕೊಟ್ಟರು, ಆ ತಪ್ಪು ಅರ್ಥವನ್ನು ನಿಜ ಮಾಡಲು ನಮ್ಮ ದೊಡ್ಡಪ್ಪ ಜೀವ ತೇದರು ಎಂದು ಹೇಳಿ ಎಲೆಅಡಿಕೆಯ ತಟ್ಟೆಗೆ ಕೈ ಹಾಕುತ್ತಿದ್ದೆ.

ಡಬರಿ ಸಿಕ್ಕ ಮೇಲೆ ಅದನ್ನು ಅತ್ತಿಗೆಗೆ ಕೊಟ್ಟುಬರೋಣ ಎನಿಸಿತು. ಹೋದ ಭಾನುವಾರ ಬಂಡೆಹಟ್ಟಿಗೆ ಹೋದೆ. ವೀರೇಶಣ್ಣ ಹೊಲಕ್ಕೆ ಹೋಗಿದ್ದ. ಅತ್ತಿಗೆಗೆ ತಲೆ ಅರ್ಧ ನರೆತಿದೆ, ನಗು ಮಾತ್ರ ಮೊದಲಿನದೇ. ಡಬರಿ ನೋಡಿ, "ಅಯ್ಯೋ ಟೀಚರಮ್ಮಾ, ಇದಿನ್ನೂ ಐತಾ?" ಎಂದು ಮಡಿಲಲ್ಲಿಟ್ಟುಕೊಂಡು ಒರೆಸಿದಳು. ಜಗಲಿಯ ಮೇಲೆ ಕೂತು ಟೀ ಕುಡಿಯುತ್ತಾ ಅದೂ ಇದೂ ಮಾತಾಡಿದೆವು. ಹೊತ್ತು ಇಳಿಯುತ್ತಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ನಿಧಾನವಾಗಿ ತಿರುಗುತ್ತಿದ್ದವು.

"ಪಾಪ ನಿಮ್ಮವ್ವ," ಎಂದೆ ನಾನು, ಕತೆಯ ಹಳೆಯ ಲಯದಲ್ಲೇ. "ಪ್ರೆಸಿಡೆಂಟ್ ಪ್ರೆಸಿಡೆಂಟ್ ಅಂತ ದೊಡ್ಡಪ್ಪ ಇರೋ ತನಕ ನಂಬಿದ್ರಲ್ಲ."

ಅತ್ತಿಗೆ ನನ್ನ ಮುಖವನ್ನೇ ನೋಡಿದಳು. "ಯಾರು ನಂಬಿದ್ದು? ನಮ್ಮವ್ವಂಗೆ ಎಲ್ಲಾ ಗೊತ್ತಿತ್ತು."

"ಯಾವಾಗ ಗೊತ್ತಾಯ್ತು?"

"ನೀವು ವ್ಯಾನಾಗೆ ಬರೋಕ್ಕಿಂತ ಮೊದ್ಲೇ ಗೊತ್ತಿತ್ತು. ನಮ್ಮ ಸೋದರಮಾವ ಬಿ.ಜಿ. ಕೆರೇಲಿ ಇರ್ಲಿಲ್ವಾ? ಕರ್ನಾಟಕದ ಮಂಡಲ ಅಂದ್ರೆ ಎಷ್ಟು ದೊಡ್ಡದು ಅಂತ ಅವ್ರಿಗೆ ಗೊತ್ತಾಗಲ್ವಾ?"

ನಾನು ಹಣೆ ಹಣೆ ಚಚ್ಚಿಕೊಂಡೆ. ಆ ಸೋದರಮಾವ ಮದುವೆಯಲ್ಲಿ ನನ್ನ ಎದುರಿಗೇ ಓಡಾಡಿದ್ದರು. ಊರಿಗೆಲ್ಲ ಆಡಳಿತ ವಿಭಾಗ ಕಲಿಸುವವಳಿಗೆ, ಬಿ.ಜಿ. ಕೆರೆ ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ ಎಂಬುದು ಇಷ್ಟು ವರ್ಷ ಹೊಳೆದಿರಲಿಲ್ಲ.

"ಮತ್ತೆ ಆ ಪ್ರೆಸಿಡೆಂಟ್ ಗಾರು? ಆ ಡಬರಿ?"

"ಬೇಕಂತ್ಲೇ." ಅತ್ತಿಗೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಸುಮ್ನೆ ರುದ್ರಣ್ಣ ಅಂದ್ರೆ ಮನುಷ್ಯ ಆಗಲ್ಲಮ್ಮ ಅಂತ ಕೈ ಚೆಲ್ತಾನೆ, ಪ್ರೆಸಿಡೆಂಟ್ ಅಂದ್ರೆ ಎದ್ದು ಓಡಾಡ್ತಾನೆ ಅಂತಿದ್ಲು ನಮ್ಮವ್ವ. ಓಡಾಡಿದ್ರಲ್ಲ ಮಾವ."

ನಮ್ಮ ಮನೆತನವೆಲ್ಲ ಮುಸಿಮುಸಿ ನಗುತ್ತಿದ್ದಾಗ ಹಳ್ಳದಾಚೆ ಒಬ್ಬ ಸಣ್ಣ ಹೆಂಗಸು ನಮ್ಮನ್ನು ನೋಡಿ ನಗುತ್ತಿದ್ದಳು. ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ದುಃಖವೂ ಬಂತು. "ದೊಡ್ಡಪ್ಪಂಗೆ ಇದು ಗೊತ್ತಾಗ್ಲೇ ಇಲ್ವಾ? ಸುಳ್ಳು ಹೇಳ್ದೆ ಅಂತ ಕೊರಗ್ತಾನೇ ಹೋದ್ರಾ?"

"ನಾನೇ ಹೇಳ್ದೆ. ಹಾಸಿಗೆ ಹಿಡಿದಾಗ ಒಂದಿನ ಕೈ ಹಿಡ್ಕಂಡು, ನಿಮ್ಮವ್ವಂಗೆ ಮೋಸ ಮಾಡ್ಬಿಟ್ಟೆ ಕಣವ್ವ, ಹೋಗೋಕೆ ಮುಂಚೆ ನೀನೇ ಹೇಳ್ಬಿಡು ಅಂದ್ರು. ನಾನು, ಅವ್ವಂಗೆ ಮೊದ್ಲಿಂದ ಗೊತ್ತು ಮಾವ ಅಂದೆ. ಆಮ್ಯಾಲೆ ನಗಕ್ಕೆ ಶುರು ಮಾಡಿದ್ರು ನೋಡಿ, ಕೆಮ್ಮು ಬಂದು ಎಬ್ಬಿಸಿ ಕುಂದ್ರಿಸ್ಬೇಕಾಯ್ತು. ಎಷ್ಟೋ ದಿನದ ಮ್ಯಾಲೆ ಅವತ್ತು ಒಂದು ರೊಟ್ಟಿ ತಿಂದ್ರು."

ಬೀದಿಯಲ್ಲಿ ದನಗಳು ಮನೆಗೆ ಬರುತ್ತಿದ್ದವು, ಜಗಲಿಯಲ್ಲಿ ಒಬ್ಬರ ಮುಖ ಒಬ್ಬರಿಗೆ ಮಸುಕಾಗುತ್ತಿತ್ತು. ಒಂದು ಪ್ರಶ್ನೆ ಮಾತ್ರ ಉಳಿದಿತ್ತು.

"ಅಲ್ಲ ಅತ್ತಿಗೆ, ಪ್ರೆಸಿಡೆಂಟೂ ಅಲ್ಲ, ಜೀಪೂ ಇಲ್ಲ, ದಾರೀನೂ ಇಲ್ಲ. ಎಲ್ಲಾ ಗೊತ್ತಿದ್ದೂ ನಿಮ್ಮವ್ವ ನಿನ್ನ ನಮ್ಮನೆಗೆ ಯಾಕೆ ಕೊಟ್ರು?"

ಅತ್ತಿಗೆ ಉತ್ತರಿಸುವ ಮೊದಲೇ ಅವಳ ಮೊಬೈಲು ಬಡಿದುಕೊಂಡಿತು. ಆಚೆಯ ಧ್ವನಿ ನನಗೂ ಕೇಳುವಷ್ಟು ಗಟ್ಟಿಯಾಗಿತ್ತು. ಎಂಬತ್ತರ ಹತ್ತಿರ ಹತ್ತಿರದ ಈರಮ್ಮ, ಇನ್ನೂ ಲೈಟು ಹಾಕಿಲ್ಲವೇಕೆ ಎಂದು ಗದರುತ್ತಿದ್ದರು: "ಏಮ್ಮೇ, ಇಂಕಾ ಲೈಟು ಎಯ್ಯಲೇದು?"

"ಟೀಚರಮ್ಮ ಬಂದೈದಾರೆ ಅವ್ವಾ, ಮಾತಾಡ್ತಾ ಮರ್ತೆ," ಎಂದು ಅತ್ತಿಗೆ ಕನ್ನಡದಲ್ಲೇ ಹೇಳಿ, ಮೊಬೈಲಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದಳು. "ಇದಕ್ಕೇ ಕೊಟ್ಟಿದ್ದು. ಅವ್ವನ ಮಾಳಿಗೆ ಮ್ಯಾಲೆ ನಿಂತ್ರೆ ಈ ಜಗಲಿ ಲೈಟು ಕಾಣ್ತೈತೆ. ಬಳ್ಳಾರಿಯಿಂದ ಇದಕ್ಕಿಂತ ದೊಡ್ಡ ಮನೆ ಸಂಬಂಧ ಬಂದಿತ್ತು, ಅಲ್ಲಿ ಲೈಟು ಯಾರು ನೋಡ್ತಾರೆ ಅಂದ್ಲಂತೆ. ಕಣ್ಣಿನ ಆಪರೇಷನ್ ಆದ್ಮ್ಯಾಲಂತೂ ಒಂದಿನ ಬಿಡಂಗಿಲ್ಲ."

ಸ್ವಿಚ್ಚು ನನ್ನ ತಲೆಯ ಹಿಂದಿನ ಗೋಡೆಯಲ್ಲೇ ಇತ್ತು. ನಾನು ಎದ್ದು ಒತ್ತಿದೆ. ಜಗಲಿ ಬೆಳಗಿತು. ನಾವಿಬ್ಬರೂ ಹಳ್ಳದ ಕಡೆ ನೋಡುತ್ತಾ ನಿಂತೆವು. ಅತ್ತಿಗೆಯ ಕೈಯೊಳಗಿನಿಂದ, ಬೇರೆ ರಾಜ್ಯದ ಮಾಳಿಗೆಯ ಮೇಲಿನಿಂದ, ಆ ಧ್ವನಿ ಈಗ ಮೆತ್ತಗಾಗಿ ಹೇಳಿತು:

"ಆಁ, ಕನಪಡಿಂದಿ."

ಕಾಣಿಸಿತಂತೆ.